ತೀಹಾನಾ ಹಗ್ಗ ಬಿಡಲು ಕಲಿತಳು

ವ್ರಬಿನಾ ಊರಿನ ಮಕ್ಕಳದ್ದು ಪ್ರತಿ ಬೇಸಿಗೆಯಲ್ಲೂ ಒಂದೇ ಕಥೆ. ರಜೆ ಸಿಕ್ಕ ಕೂಡಲೇ ಜಲ್ಲಿಕೆರೆಗೆ ಓಡುತ್ತಾರೆ. ಅಲ್ಲಿ ಎರಡು ಕಂಬಗಳ ನಡುವೆ ತಂತಿ ಬಿಗಿದಿದೆ, ತಂತಿಯಿಂದ ಹಗ್ಗ ಇಳಿಬಿಟ್ಟಿದೆ. ಕಾಲಿಗೆ ಹಲಗೆ ಕಟ್ಟಿಕೊಂಡು ಹಗ್ಗದ ಹಿಡಿಕೆ ಹಿಡಿದರೆ ಮೋಟರು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ. ವೇಕ್‌ಬೋರ್ಡ್ ಆಟ ಅಂದರೆ ಇಷ್ಟೇ. ಮೊದಲ ದಿನ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ಮೂರನೆಯ ದಿನ ಅರ್ಧಕ್ಕರ್ಧ ನಾಪತ್ತೆ. ಮನೆಯವರು ಈ ಕಾಲದ ಮಕ್ಕಳಿಗೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ ಎಂದು ಗೊಣಗಿ ಸುಮ್ಮನಾಗುತ್ತಾರೆ. ಯಾಕೆ ಬಿಟ್ಟೆ ಎಂದು ಮಗುವನ್ನು ಕೇಳುವವರಿಲ್ಲ.

ಝ್ವೊಂಕೊ ಕೂಡ ಕೇಳುವ ಪೈಕಿ ಅಲ್ಲ. ಅವನು ಊರಿನ ಹಗ್ಗಜಗ್ಗಾಟದ ತಂಡದಲ್ಲಿ ಕಟ್ಟಕಡೆಗೆ ನಿಲ್ಲುವ ಆಳು. ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು ಹಿಮ್ಮಡಿ ಊರಿದನೆಂದರೆ ಟ್ರ್ಯಾಕ್ಟರಿಗೂ ಜಗ್ಗದವನು ಎಂದು ದ್ರಾವಾ ನದಿಯ ಎರಡೂ ದಂಡೆಗಳಲ್ಲಿ ಹೆಸರು. ಆ ಹೆಸರಿನ ಬಗ್ಗೆ ಅವನಿಗೆ ಒಂದಿಷ್ಟು ಜಂಬವೂ ಉಂಟು. ಹತ್ತು ವರ್ಷದ ಮಗಳು ತೀಹಾನಾ ತಾನೂ ಹಲಗೆ ಕಲಿಯುತ್ತೇನೆ ಎಂದಾಗ ಹಿಗ್ಗಿಹೋದ. ಹಗ್ಗದ ವಿದ್ಯೆ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಳದ ಆಕ್ರೋಟು ಮರಕ್ಕೆ ಹಗ್ಗ ಕಟ್ಟಿ ಅವತ್ತೇ ಪಾಠ ಶುರು ಮಾಡಿದ. ಹಿಮ್ಮಡಿ ಊರಬೇಕು, ಮೊಣಕೈ ಮಡಚಬೇಕು, ಎದೆಗೆ ಎಳೆದುಕೊಳ್ಳಬೇಕು.

"ಏನೇ ಆಗ್ಲಿ ಪುಟ್ಟಿ, ಹಗ್ಗ ಮಾತ್ರ ಬಿಡ್ಬೇಡ," ಎಂದ ಕೊನೆಗೆ. "ನಮ್ಮನೇಲಿ ಹಗ್ಗ ಬಿಡೋರು ಯಾರೂ ಇಲ್ಲ. ಬಿಡೋರೆಲ್ಲ ನಿಮ್ಮ ಫ್ರಾನ್ಯೊ ಮಾವನ ಕಡೆಯೋರು."

ಫ್ರಾನ್ಯೊ ಅವನ ಹೆಂಡತಿಯ ಅಣ್ಣ. ಎಂಟು ವರ್ಷದ ಹಿಂದೆ ಇದೇ ತಂಡದ ಫೈನಲ್ ಪಂದ್ಯದಲ್ಲಿ, ಇನ್ನೇನು ಗೆದ್ದೆವು ಅನ್ನುವಾಗ ಹಗ್ಗ ಬಿಟ್ಟವನು. ಅಂದಿನಿಂದ ಅವನು ಭಾನುವಾರ ಊಟಕ್ಕೆ ಬಂದರೆ ಸಾಕು, ಸೂಪಿನ ಬಟ್ಟಲು ದಾಟಿಸುವಾಗಲೂ ಗಟ್ಟಿಯಾಗಿ ಹಿಡಿದುಕೋ ಮಾರಾಯ, ಬಿಟ್ಟುಬಿಟ್ಟೀಯ ಎಂದು ಝ್ವೊಂಕೊ ಕಾಲೆಳೆಯುತ್ತಾನೆ. ಮೇಜಿನ ಸುತ್ತ ಕೂತವರೆಲ್ಲ ನಗುತ್ತಾರೆ. ಫ್ರಾನ್ಯೊನೂ ನಗುತ್ತಾನೆ. ಈಚೀಚೆಗೆ ಅವನು ಬರುವುದು ಕಡಿಮೆಯಾಗಿದೆ.

ಕೆರೆಯ ಹತ್ತಿರ ಮೋಟರು ನಡೆಸುವವಳು ಯಾದ್ರಂಕಾ. ಝ್ವೊಂಕೊನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಹದಿನೈದು ಬೇಸಿಗೆಗಳಿಂದ ಮಕ್ಕಳಿಗೆ ಹಲಗೆ ಕಲಿಸುತ್ತಿದ್ದಾಳೆ. ತೀಹಾನಾಳಿಗೆ ಈಜು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು, ತೇಲುವ ಅಂಗಿ, ಹೆಲ್ಮೆಟ್ಟು ತೊಡಿಸಿದಳು. ಮೊದಲು ಅರ್ಧ ಗಂಟೆ ಹುಲ್ಲಿನ ಮೇಲೆ ಹೇಳಿಕೊಡುತ್ತೇನೆ ಎಂದಳು. ಝ್ವೊಂಕೊ ಕೈಯಾಡಿಸಿಬಿಟ್ಟ. ಹಗ್ಗದ ಪಾಠ ಮನೆಯಲ್ಲೇ ಮುಗಿದಿದೆ, ನೀನು ಮೋಟರು ಬಿಡು ಅಂದ.

ತೀಹಾನಾ ಅಪ್ಪ ಹೇಳಿದಂತೆಯೇ ಮಾಡಿದಳು. ಹಿಡಿಕೆಯನ್ನು ಎದೆಗೆ ಎಳೆದುಕೊಂಡಳು. ಹಗ್ಗ ಸಡಿಲವಾಗಿ ಹಿಂದಕ್ಕೆ ಬಿದ್ದಳು, ಮರುಕ್ಷಣ ಅದೇ ಹಗ್ಗ ಬಿಗಿಯಾಗಿ ಅವಳನ್ನು ಮುಂದಕ್ಕೆ ಕವುಚಿ ಹಾಕಿತು. ಕೈ ಬಿಡಲಿಲ್ಲ. ಯಾದ್ರಂಕಾ ಮೋಟರು ನಿಲ್ಲಿಸುವಷ್ಟರಲ್ಲಿ ಮುಖ ನೀರು ಸೀಳಿಕೊಂಡು ನಾಲ್ಕು ಮಾರು ಹೋಗಿತ್ತು. ಎರಡನೆಯ ಸಲವೂ ಅದೇ ಪಾಡು. ದಡದಲ್ಲಿ ಝ್ವೊಂಕೊ ಎಳಿ, ಎದ್ದೇಳು ಎಂದು ಅರಚುತ್ತಿದ್ದ. ಪಕ್ಕದಲ್ಲಿದ್ದ ಇನ್ನಿಬ್ಬರು ಅಪ್ಪಂದಿರೂ ತಮಗೆ ತೋಚಿದ್ದನ್ನು ಕೂಗುತ್ತಿದ್ದರು. ಮೂರನೆಯ ಸಲ ಹುಡುಗಿ ನೀರು ಕುಡಿದಳು. ದಡಕ್ಕೆ ಬಂದಾಗ ತುಟಿ ನೀಲಿಗಟ್ಟಿತ್ತು, ಅಂಗೈ ಕೆಂಪಾಗಿತ್ತು.

ಯಾದ್ರಂಕಾ ಮೋಟರು ಆರಿಸಿ ಅವರ ಹತ್ತಿರ ಬಂದಳು.

"ಇನ್ನೊಂದೇ ಸಲ ಕಣೇ," ಎಂದ ಝ್ವೊಂಕೊ. "ಇನ್ನೊಂಚೂರು ಎಳೆದ್ರೆ ನಿಂತೇಬಿಡ್ತಾಳೆ. ಮಕ್ಕಳು ಬಿದ್ದೇ ಕಲೀಬೇಕು."

"ಬಿದ್ದು ಕಲಿಯೋದು ಬೇರೆ, ಮುಳುಗಿ ಕಲಿಯೋದು ಬೇರೆ. ಇವತ್ತಿಗೆ ಮೋಟರು ಬಂದ್."

ತೀಹಾನಾ ಹೆಲ್ಮೆಟ್ಟು ಬಿಚ್ಚಿ ಹುಲ್ಲಿನ ಮೇಲಿಟ್ಟು, ನಾಳೆಯಿಂದ ನಾನು ಬರುವುದಿಲ್ಲ ಎಂದಳು. ಅಳಲಿಲ್ಲ, ಕೂಗಾಡಲಿಲ್ಲ. ಅಪ್ಪನಿಗೆ ಬೆನ್ನು ಹಾಕಿ ಕೂತುಬಿಟ್ಟಳು. ಚಳಿಗಾಲವಿಡೀ ಹಲಗೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದ ಹುಡುಗಿ ಇವಳೇನಾ ಎಂದು ಝ್ವೊಂಕೊನಿಗೆ ಕಳವಳವಾಯಿತು. ಈಗ ಇವಳು ಎದ್ದು ಹೋದರೆ ಮತ್ತೆ ನೀರಿನ ಹತ್ತಿರ ಸುಳಿಯುವುದಿಲ್ಲ, ಬಹುಶಃ ತನ್ನ ಹತ್ತಿರವೂ ಸುಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಯಾದ್ರಂಕಾ ಟವೆಲು ಹೊದಿಸಿ ಹುಡುಗಿಯ ಪಕ್ಕ ಕೂತಳು. ಮನೆಯಿಂದ ತಂದಿದ್ದ ಕುಂಬಳಕಾಯಿ ಹೂರಣದ ಸುರುಳಿ ಮುರಿದು ಕೊಟ್ಟಳು. ತಿಂದು ಮುಗಿದ ಮೇಲೆ ಕೇಳಿದಳು.

"ಮೂಗಿಗೆ ನೀರು ನುಗ್ತಿದ್ರೂ ಹಗ್ಗ ಯಾಕೆ ಬಿಡ್ಲಿಲ್ಲ ಚಿನ್ನ?"

"ಬಿಟ್ರೆ ಅಪ್ಪ ನನ್ನೂ ಆಡ್ಕೋತಾರೆ ಅತ್ತೆ," ಎಂದಳು ತೀಹಾನಾ. "ಫ್ರಾನ್ಯೊ ಮಾವನ್ನ ಆಡ್ಕೊಳ್ಳೋ ಥರ. ಊಟಕ್ಕೆ ಕೂತಾಗೆಲ್ಲ."

ಝ್ವೊಂಕೊ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದ. ಮಾತು ಕಿವಿಗೆ ಬಿತ್ತು. ನಾಚಿಕೆಯಿಂದ ಅವನ ಕುತ್ತಿಗೆಯವರೆಗೂ ಬಿಸಿಯೇರಿತು. ಎಂಟು ವರ್ಷದ ತಮಾಷೆ ಮಗಳ ಕೊರಳಿಗೆ ಸುತ್ತಿಕೊಂಡದ್ದು ತನಗೆ ಗೊತ್ತೇ ಆಗಿರಲಿಲ್ಲ.

ಯಾದ್ರಂಕಾ ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಅವನನ್ನೇ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಕೈಗೆ ಹಿಡಿಕೆ ಕೊಟ್ಟು, ಹಗ್ಗದ ಇನ್ನೊಂದು ತುದಿ ತಾನು ಹಿಡಿದು ಓಡಿದಳು. ಅವನು ಅಭ್ಯಾಸಬಲದಿಂದ ಎದೆಗೆ ಎಳೆದುಕೊಂಡ, ಮೂಟೆ ಉರುಳಿದಂತೆ ಹಿಂದಕ್ಕೆ ಉರುಳಿದ. ಬೆನ್ನು ಹಾಕಿ ಕೂತಿದ್ದ ತೀಹಾನಾ ತಿರುಗಿ ನೋಡಿದಳು.

"ಆ ತುದೀಲಿರೋದು ಪಕ್ಕದೂರಿನ ತಂಡ ಅಲ್ಲ ಕಣೋ, ಮೋಟರು," ಎಂದಳು ಯಾದ್ರಂಕಾ. "ಅದರ ಜೊತೆ ಯಾಕೆ ಜಿದ್ದಿಗೆ ಬೀಳ್ತೀಯ? ಎಳೆಯೋ ಕೆಲಸ ಅದರದ್ದು. ಕೈ ನೆಟ್ಟಗಿಡು, ಮಂಡಿ ಎದೆಗೆ ತಾಗಲಿ, ಸುಮ್ನೆ ಕೂತಿರು. ಅದೇ ಎಬ್ಬಿಸುತ್ತೆ."

ಎರಡನೆಯ ಸಲ ಅವನು ಕುರ್ಚಿಯಿಂದ ಏಳುವಷ್ಟು ಸಲೀಸಾಗಿ ಎದ್ದು ನಿಂತ. ತೀಹಾನಾ ಹತ್ತಿರ ಬಂದು, ನನಗೂ ಒಂದು ಸಲ ಹುಲ್ಲಿನ ಮೇಲೆ ಎಂದಳು. ಅವತ್ತು ಅಷ್ಟೇ ಆಯಿತು.

ಮಾರನೆಯ ದಿನ ಯಾದ್ರಂಕಾ ಹಲಗೆ ಕಟ್ಟಲೇ ಇಲ್ಲ. ಇವತ್ತಿನ ಪಾಠ ಬರೀ ಬಿಡುವುದು ಎಂದಳು. ತೀಹಾನಾ ನೀರಲ್ಲಿ ಹಿಡಿಕೆ ಹಿಡಿಯುವುದು, ಮೋಟರು ಮೆಲ್ಲಗೆ ಒಂದು ಮಾರು ಎಳೆಯುವುದು, ಅವಳು ಕೈ ಬಿಡುವುದು. ಝ್ವೊಂಕೊನಿಗೆ ಬೆಂಚು ತೋರಿಸಿ ಎರಡು ಕೆಲಸ ಒಪ್ಪಿಸಿದಳು. ಒಂದು, ಬಾಯಿ ಮುಚ್ಚಿಕೊಂಡಿರುವುದು. ಇನ್ನೊಂದು, ಮಗಳು ಹಗ್ಗ ಬಿಟ್ಟಾಗೆಲ್ಲ ಚಪ್ಪಾಳೆ ತಟ್ಟುವುದು. ಮೊದಮೊದಲು ಅವನ ಅಂಗೈಗಳೇ ಒಪ್ಪಲಿಲ್ಲ. ಹಗ್ಗ ಬಿಟ್ಟವರಿಗೆ ಅವು ಎಂದೂ ಚಪ್ಪಾಳೆ ತಟ್ಟಿದ್ದಿಲ್ಲ. ಐದನೆಯ ಸಲಕ್ಕೆ ತೀಹಾನಾ ನಗತೊಡಗಿದಳು. ಹತ್ತನೆಯ ಸಲ ಮುಗಿದಾಗ ಹುಡುಗಿಗೆ ಇನ್ನೂ ಆಸೆಯಿತ್ತು, ಆದರೂ ಯಾದ್ರಂಕಾ ಮನೆಗೆ ಕಳಿಸಿದಳು. ಆಸೆ ಉಳಿದಿರುವಾಗಲೇ ನಿಲ್ಲಿಸಿದರೆ ನಾಳೆ ತಾನಾಗಿ ಬರುತ್ತಾಳೆ ಎಂಬುದು ಅವಳ ಲೆಕ್ಕ.

ಮೂರನೆಯ ದಿನ ಹಲಗೆ ಬಂತು. ಮೋಟರು ಎತ್ತಿನ ಗಾಡಿಯ ವೇಗದಲ್ಲಿ ಹೊರಟು ಸ್ವಲ್ಪ ಸ್ವಲ್ಪವೇ ಜೋರಾಯಿತು. ಯಾದ್ರಂಕಾ ಒಂದು ಸಲಕ್ಕೆ ಒಂದೇ ಮಾತು ಹೇಳಿದಳು. ಮೊದಲು ಕೈ ನೆಟ್ಟಗೆ ಅಂತ ಮಾತ್ರ. ಅದು ಬಂದ ಮೇಲೆ ಮಂಡಿ ಬಾಗಿರಲಿ ಅಂತ. ಆಮೇಲೆ ಹಲಗೆ ನೋಡಬೇಡ, ಆಚೆ ಕಂಬ ನೋಡು ಅಂತ. ನಾಲ್ಕನೆಯ ಸಲಕ್ಕೆ ತೀಹಾನಾ ಎದ್ದು ನಿಂತಳು. ಪೂರಾ ನಲವತ್ತು ಮಾರು ನೀರಿನ ಮೇಲೆ ಹೋದಳು. ಝ್ವೊಂಕೊ ಬಾಯಿ ಬಿಡಬಾರದೆಂದು ಟೋಪಿ ಕಚ್ಚಿಕೊಂಡಿದ್ದ.

ಆಚೆ ಕಂಬದ ಹತ್ತಿರ ಹಲಗೆ ವಾಲಿತು. ತೀಹಾನಾ ಬಿದ್ದಳು. ಬೀಳುತ್ತಲೇ ಕೈ ಬಿಟ್ಟಳು, ಹಿಡಿಕೆ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ನೀರಿಂದ ತಲೆಯೆತ್ತಿದವಳು ಮೊದಲು ನೋಡಿದ್ದು ದಡದ ಬೆಂಚನ್ನು. ಅಲ್ಲಿ ಅವಳಪ್ಪ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಅದನ್ನವನು ಒರೆಸಿಕೊಳ್ಳಲೂ ಇಲ್ಲ.

ಆ ಭಾನುವಾರ ಝ್ವೊಂಕೊ ತಾನೇ ಹೋಗಿ ಫ್ರಾನ್ಯೊನನ್ನು ಊಟಕ್ಕೆ ಕರೆತಂದ. ಸೂಪಿನ ಬಟ್ಟಲು ಕೈಯಿಂದ ಕೈಗೆ ದಾಟುವಾಗ ಎಲ್ಲರೂ ಆ ಹಳೆಯ ಮಾತಿಗೆ ಕಾದರು. ತೀಹಾನಾ ಚಮಚ ಕೆಳಗಿಟ್ಟು ಅಪ್ಪನನ್ನೇ ನೋಡಿದಳು.

"ಫ್ರಾನ್ಯೊ, ಅವತ್ತು ಪಂದ್ಯದಲ್ಲಿ ನಿನ್ನ ಭುಜದ ಕೀಲು ಜಾರಿತ್ತು," ಎಂದ ಝ್ವೊಂಕೊ. "ನೀನು ಬಿಟ್ಟಿದ್ದೇ ಸರಿ. ಎಂಟು ವರ್ಷ ಬಿಡದೆ ಹಿಡ್ಕೊಂಡು ಕೂತಿದ್ದು ನಾನು."

ಫ್ರಾನ್ಯೊ ಅವತ್ತು ಸಂಜೆಯ ತನಕ ಇದ್ದ, ತಂಗಿಯ ಮಗಳು ಹಲಗೆಯ ಮೇಲೆ ನಿಂತದ್ದನ್ನು ಮೂರು ಸಲ ಹೇಳಿಸಿಕೊಂಡು ಕೇಳಿದ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವೂ ಈ ಬೇಸಿಗೆಯಲ್ಲಿ ಹಲಗೆ ಕೇಳಬಹುದು. ಈಜು ಬರುತ್ತದೆಯೇ ನೋಡಿ. ತೇಲುವ ಅಂಗಿ, ಹೆಲ್ಮೆಟ್ಟು ಇಲ್ಲದೆ ನೀರಿಗಿಳಿಸಬೇಡಿ. ನಿಲ್ಲುವುದಕ್ಕೆ ಮೊದಲು ಬಿಡುವುದನ್ನು ಕಲಿಯಲಿ. ಕಲಿಸುವ ದನಿ ಒಂದೇ ಇರಲಿ, ಅದು ಕಲಿಸುವವರದ್ದಾಗಿರಲಿ. ಜಿಗಿತ, ತಿರುವು ಎಲ್ಲ ಆಮೇಲೆ ತಾವಾಗಿ ಬರುತ್ತವೆ. ಸಾಕು ಎಂದು ಮಗು ಹೇಳಿದರೆ ಅವತ್ತಿಗೆ ಸಾಕು, ಅದನ್ನು ಹೇಡಿ ಎಂದು ಹಂಗಿಸಬೇಡಿ. ಕೆರೆಯ ದಡದಲ್ಲಿ ಊರವರೆಲ್ಲ ಸೇರಿ ಬೆಂಚು ಹಾಕಿಸಿದ್ದೇವೆ. ಬಂದು ಕೂತುಕೊಳ್ಳಿ, ನಿಮ್ಮ ಮಗು ಹಗ್ಗ ಬಿಟ್ಟಾಗ ಎಲ್ಲರಿಗಿಂತ ಮೊದಲು ನೀವು ಚಪ್ಪಾಳೆ ತಟ್ಟಿ.