ಮೂರನೆಯ ಸೆಟ್ಟು

ಅಂಗೈ ಕೆಳಗೆ ಬೆಚ್ಚಗಾಗುತ್ತಿದೆ, ಅಚ್ಚಿಗೆ ಸುರಿದ ಪ್ಲಾಸ್ಟರು ಗಟ್ಟಿಯಾಗುವಾಗ ಹೀಗೇ, ಜ್ವರದ ಮಗುವಿನ ಹಣೆಯಂತೆ, ಇನ್ನೈದು ನಿಮಿಷಕ್ಕೆ ಸೆಟ್ಟಾಗುತ್ತದೆ ಅಂದುಕೊಂಡಳು, ಇದು ಯಾರೋ ಟೀಚರಮ್ಮನ ಬಾಯಿಯ ಅಚ್ಚು, ತನ್ನ ಯಜಮಾನರ ಬಾಯಿ ಬಾಗಿಲಾಚೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದೆ, ತಾನು ಮೇಣದಲ್ಲಿ ಕೂರಿಸಿಕೊಟ್ಟ ಹಲ್ಲುಗಳನ್ನು ಡಾಕ್ಟರು ಈಗ ತೊಡಿಸಿ ನೋಡುತ್ತಿರಬೇಕು, ಒಂದು ಸದ್ದೂ ಇಲ್ಲ — ಮೂರನೆಯ ಸೆಟ್ಟು, ಇದನ್ನೂ ಬೇಡ ಅಂದ್ರೆ ನಾನು ಕೈಮುಗಿದೆ ಕಣಮ್ಮಾ ಅಂದಿದ್ದಾರೆ ಡಾಕ್ಟರು. ಸೆಟ್ಟು, ಸೆಟ್ಟು, ಇದೊಂದು ಪದ ಬಿಟ್ಟರೆ ಈ ಹಿಂದಿನ ಕೋಣೆಯಲ್ಲಿ ಬಾಯಿಗೆ ಕೆಲಸವೇ ಇಲ್ಲ, ಪ್ಲಾಸ್ಟರು ಸೆಟ್ಟಾಯ್ತಾ, ಹಲ್ಲು ಸೆಟ್ ಮಾಡಿದ್ರಾ, ಮೇಲಿನ ಸೆಟ್ಟು ಎಲ್ಲಿ — ಮೊಮ್ಮಗಳು ಇಂಗ್ಲಿಷ್ ನಿಘಂಟು ತೆರೆದು, ಅಜ್ಜೀ, ಮೂರೇ ಅಕ್ಷರಕ್ಕೆ ಪುಟಗಟ್ಟಲೆ ಅರ್ಥ ಇದೆ ನೋಡು, ಸೂರ್ಯ ಮುಳುಗೋದೂ ಇದೇ ಅಂತೆ, ಅಂದಾಗ ನಗು ಬಂದಿತ್ತು, ಮುಳುಗುವುದಕ್ಕೂ ಅದೇ, ನೆಲೆ ನಿಲ್ಲುವುದಕ್ಕೂ ಅದೇ ಅಂದರೆ ಅದು ಪದವೋ ಸಂಸಾರವೋ, ಯಜಮಾನರು ರೇಡಿಯೋ ಸೆಟ್ಟು ರಿಪೇರಿ ಮಾಡುತ್ತಿದ್ದವರು, ಮೊದಲ ಸಲ ಕಂಡದ್ದು ಅಪ್ಪನ ಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಾಗ, ತಿರುಪು ತಿರುಗಿಸಿ ಗೊರಗೊರ ಸದ್ದಿನೊಳಗಿಂದ ಒಂದು ಹಾಡನ್ನು ಹಿಡಿದು, ಸಿಕ್ತು ನೋಡಿ ಅಂತ ನಕ್ಕರಲ್ಲ, ಮೇಲಿನ ಸಾಲಿನ ಎಡಗಡೆ ಹಲ್ಲೊಂದು ಪಕ್ಕದವನ ಹೆಗಲ ಮೇಲೆ ಕೈ ಹಾಕಿ ನಿಂತಂತೆ ಓರೆ, ನಕ್ಕು ಮುಗಿದ ಮೇಲೂ ತುಟಿ ಆ ಓರೆ ಹಲ್ಲಿಗೆ ಸಿಕ್ಕಿಕೊಂಡು ಒಂದು ಗಳಿಗೆ ಕೆಳಗಿಳಿಯುತ್ತಿರಲಿಲ್ಲ — ಮದುವೆ ಸೆಟ್ಟಾಯ್ತು ಅಂತ ಅಕ್ಕ ಬೀದಿಗೆಲ್ಲ ಡಂಗುರ ಸಾರಿದಳು, ಅದಕ್ಕೂ ಅದೇ ಪದ, ಮದುವೆಗೆ ಬಂದ ಆರು ಲೋಟದ ಸೆಟ್ಟಿನಲ್ಲಿ ಈಗ ಉಳಿದದ್ದು ಎರಡೇ, ಆದರೂ ಸೆಟ್ಟಿನ ಲೋಟದಲ್ಲೇ ಟೀ ಕೊಡೇ ಅನ್ನುತ್ತಾರೆ. ಅವರ ಹಲ್ಲೆಲ್ಲ ಹೋದಾಗ, ಊರಿಗೆಲ್ಲ ಹಲ್ಲು ಕಟ್ಟುವವಳ ಗಂಡ ಬೊಚ್ಚುಬಾಯಿ ಅಂತ ಆಡಿಕೊಂಡಾರು ಎಂದು ಮೂವತ್ತು ವರ್ಷದ ಕೈಚಳಕವನ್ನೆಲ್ಲ ಸುರಿದು ಕೂರಿಸಿದಳು, ಮುತ್ತು ಪೋಣಿಸಿದ ಹಾಗೆ, ನೂಲು ಹಿಡಿದ ಹಾಗೆ ನೆಟ್ಟಗೆ, ಒಂದಲ್ಲ ಎರಡು ಸಲ, ಎರಡೂ ನೀರಿನ ಬಟ್ಟಲ ತಳ ಸೇರಿವೆ, ಇದು ಸಿನಿಮಾದವನ ಬಾಯಿ ಕಣೇ, ನಂದಲ್ಲ, ಅಂದರು, ಆಮೇಲೆ ಮೊಮ್ಮಗಳು ಬಂದರೆ ಅಂಗೈಯಿಂದ ಬಾಯಿ ಮುಚ್ಚುತ್ತಾರೆ, ಊಟಕ್ಕೆ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಹೊಂದಿಕೊಳ್ಳಿ ರೀ, ನಾಲ್ಕು ದಿನಕ್ಕೆ ಸೆಟ್ಟಾಗುತ್ತೆ ಅಂತ ಗದರಿದ್ದೂ ಉಂಟು, ಬಂದವರಿಗೆಲ್ಲ ಹೇಳುವ ಮಾತನ್ನೇ ಮನೆಯವರಿಗೂ ಹೇಳಿದೆನಲ್ಲ — ಮೊನ್ನೆ ಊಟದಲ್ಲಿ ಪಕ್ಕದಿಂದ ಕಂಡದ್ದು, ನಾಲಿಗೆ ಬರೀ ವಸಡಿನ ಮೇಲೆ ಎಡಕ್ಕೇ ಹೋಗಿ ಹೋಗಿ ತಡಕುತ್ತಿತ್ತು, ಕತ್ತಲಲ್ಲಿ ಚಿಲಕ ಹುಡುಕುವ ಕೈಯಂತೆ, ಅಯ್ಯೋ ಪೆದ್ದಿ, ನೆಟ್ಟಗೆ ಮಾಡುವ ಭರದಲ್ಲಿ ಅವರನ್ನೇ ಅಳಿಸಿಹಾಕಿದೆಯಲ್ಲ.

ಬೆಳಿಗ್ಗೆ ಡಾಕ್ಟರು ಕನ್ನಡಕ ಏರಿಸಿ, ಏನಮ್ಮಾ ಇದು, ಸಾಲು ತಪ್ಪಿದೆಯಲ್ಲ, ಕೈ ನಡುಗ್ತಾ ಇದೆಯಾ, ಅಂದರು, ಇರಲಿ ಸಾರ್, ಹಾಗೇ ಒಂದ್ಸಲ ಹಾಕಿ ನೋಡಿ, ಅಂದಳು, ಎಷ್ಟು ಸಲ ಮೇಣ ಕರಗಿಸಿ ಆ ಹಲ್ಲನ್ನು ವಾಲಿಸಿದ್ದು, ಇಷ್ಟಲ್ಲ, ಇನ್ನೊಂದು ಕೂದಲೆಳೆ, ಫೋಟೋ ಯಾವುದೂ ನೆರವಿಗೆ ಬರಲಿಲ್ಲ, ಬಾಯಿ ಬಿಗಿದುಕೊಂಡೇ ಫೋಟೋಗೆ ನಿಲ್ಲುತ್ತಿದ್ದ ಕಾಲ, ನೆನಪೊಂದೇ ಅಳತೆ — ನೆನಪೇ ತಪ್ಪಿದ್ದರೆ — ಕುರ್ಚಿ ಕಿರುಗುಟ್ಟಿತು, ಕನ್ನಡಿ ಕೊಡಿ, ಅವರ ದನಿಯೇ, ಪ್ಲಾಸ್ಟರು ತಣ್ಣಗಾಗಿದೆ, ಕೈ ತೆಗೆಯಲು ಮರೆತಿದ್ದಾಳೆ, ಬಾಗಿಲು ತೆರೆಯಿತು, ಎದೆಗೆ ಕಟ್ಟಿದ ಕಾಗದದ ಟವೆಲು ಹಾಗೇ ನೇತಾಡುತ್ತ ಬಂದು ನಿಂತಿದ್ದಾರೆ, ಬಾಯಿ ಬಿಗಿದಿದೆ, ಬೇಡವೇ, ಇದೂ ಬೇಡವೇ — ಲೇ, ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ದಿನ, ಅಂದರು, ಇದಿನ್ನೂ ಮೇಣ, ಜೋರಾಗಿ ನಗಬೇಡಿ ರೀ, ಕಳಚೀತು, ಅನ್ನಬೇಕು, ಅಷ್ಟರಲ್ಲಿ ಅವರು ನಕ್ಕರು, ನಕ್ಕು ಮುಗಿಸಿದರು, ತುಟಿ ಆ ಓರೆ ಹಲ್ಲಿಗೆ ಸಿಕ್ಕಿಕೊಂಡಿದೆ, ಕೆಳಗಿಳಿದಿಲ್ಲ, ಇನ್ನೂ ಇಳಿದಿಲ್ಲ, ತುಟಿ —