ಐದು ಗೆರೆಯ ನಳಿಕೆ, ಒಂದು ದಾರೆಹುಳಿ

ಆ ಗುರುವಾರ ಬೆಳಿಗ್ಗೆ ಅಬುಧಾಬಿಯ ಹೊರವಲಯದಲ್ಲಿ ಮಂಜು ಎಂದರೆ ಮಂಜು. ದೇವರು ಮರಳುಗಾಡಿಗೆ ಹತ್ತಿಯ ಹೊದಿಕೆ ಹೊದಿಸಿ, ಇನ್ನೂ ಒಂದು ಗಳಿಗೆ ಮಲಗು ಮಗಾ ಎಂದ ಹಾಗಿತ್ತು. ಶೂಟಿಂಗ್ ಕ್ಲಬ್ಬಿನ ಗುರಿಹಲಗೆಗಳು ಎಲ್ಲಿವೆ ಎಂಬುದೇ ಕಾಣುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವ ಜುವಾಕಿಂ ಪಾಯ್ಸ್ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಹಾಕಿಕೊಂಡು, ಚಹಾ ಗುಟುಕರಿಸುತ್ತ ಬಿಸಿಲಿಗೆ ಕಾಯುತ್ತಿದ್ದ.

ಪಕ್ಕದ ಬೆಂಚಿನ ಮೇಲೆ ಬೂ ಸುಹೈಲ್ ಕೂತಿದ್ದರು. ಆ ಊರಿನವರೇ ಆದ ಹಿರಿಯರು. ತಂದೆಯ ಕಾಲದ ತ್ರೀ-ನಾಟ್-ತ್ರೀ ಬಂದೂಕನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು.

"ಇವತ್ತು ಇವಳು ಬಾಯಿ ಬಿಡ್ತಾಳಾ ಜುವಾಕಿಂ?" ಅವರ ಹಿಂದಿಯಲ್ಲಿ ಅರಬ್ಬಿಯೇ ಅರ್ಧ.

"ನೋಡುವ ಬಾಬಾ. ದೇವರಿದ್ದಾನೆ."

"ಬಿಡದಿದ್ದರೆ ಶನಿವಾರ ನನ್ನ ಮಗ ವೆಲ್ಡರನ್ನು ಕರೆಸ್ತಾನೆ. ನಳಿಕೆಗೆ ಬೆಸುಗೆ ಹಾಕಿ ಅತಿಥಿಗಳು ಕೂರುವ ಮಜ್ಲಿಸಿನ ಗೋಡೆಗೆ ನೇತು ಹಾಕೋದಂತೆ. ನನ್ನಪ್ಪ ನನ್ನ ಹೆಗಲಿಗೆ ಹೆಗಲು ಕೊಟ್ಟು ಗುರಿ ಕಲಿಸಿದ ಬಂದೂಕು. ಬಾಯಿ ಹೊಲಿದು ಗೋಡೆಗೆ ನಿಲ್ಲಿಸೋದಾ?"

ಜುವಾಕಿಂ ಹೊಸ ತೋಟಾಗಳ ಡಬ್ಬಿಯನ್ನು ಅವರ ಮುಂದಿಟ್ಟ. ಅಂಗಡಿಯ ಗುಂಡುಗಳು ಆ ಹಳೆಯ ನಳಿಕೆಗೆ ಹೊಂದದೆ ಹೋದ ಮೇಲೆ ಅವನೇ ಅಳತೆ ತೆಗೆದಿದ್ದ. ಮೆದು ಸೀಸದ ತುಂಡೊಂದಕ್ಕೆ ಎಣ್ಣೆ ಸವರಿ, ನಳಿಕೆಯೊಳಗಿಂದ ಮೆಲ್ಲನೆ ಬಡಿದು ಹೊರತೆಗೆದರೆ, ಒಳಗೆ ಸುರುಳಿಯಾಗಿ ಕೊರೆದ ಗೆರೆಗಳ ಅಚ್ಚೆಲ್ಲ ಅದರ ಮೈಮೇಲೆ ಮೂಡುತ್ತದೆ. ಮೈಕ್ರೋಮೀಟರಿನಲ್ಲಿ ಹಿಡಿದಾಗ ಮುನ್ನೂರ ಹನ್ನೊಂದು ಥೌ ಬಂತು. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ಗುಂಡು ನಳಿಕೆಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು. ಆಗಲೇ ಅದು ಗೆರೆಗಳನ್ನು ಕಚ್ಚಿ, ಬುಗುರಿಯಂತೆ ತಿರುಗುತ್ತ ನೇರ ಹೋಗುವುದು. ಹಾಗಾಗಿ ಮುನ್ನೂರ ಹನ್ನೆರಡರ ಗುಂಡು ಎರಕ ಹೊಯ್ದಿದ್ದ.

ಮಂಜು ಕರಗಿತು. ಮುದುಕರು ಹಾರಿಸಿದರು. ಗುರಿಹಲಗೆಯ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದುದ್ದ ಸೀಳುಗಳು. ಗುಂಡುಗಳು ಕುಡಿದವರಂತೆ ಪಲ್ಟಿ ಹೊಡೆಯುತ್ತ ಹೋಗಿದ್ದವು.

"ನಳಿಕೆ ಸವೆದಿದೆ ಬಾಬಾ. ಖಲಾಸ್."

"ನೀನು ಡಾಕ್ಟರೋ, ಗೋರಿ ತೋಡುವವನೋ? ಬಾಯಿ ತೆರೆದರೆ ಖಲಾಸ್!" ಎಂದು ಗದರಿದರು ಬೂ ಸುಹೈಲ್. ಗದರಿದರೂ ಕಣ್ಣು ಒದ್ದೆಯಾಗಿತ್ತು. ಬಂದೂಕನ್ನು ಅಲ್ಲೇ ಬಿಟ್ಟು, ಕೋಲೂರಿಕೊಂಡು ನಡೆದರು.

ಆ ಒದ್ದೆ ಕಣ್ಣು ಜುವಾಕಿಮನ ಹಿಂದೆಯೇ ಮುಸಫ್ಫಾದ ಮನೆಗೂ ಬಂತು. ಅಡುಗೆಮನೆಯಲ್ಲಿ ಹೆಂಡತಿ ಎವ್ಲಿನ್ ದಾರೆಹುಳಿ ಹಣ್ಣು ಹೆಚ್ಚುತ್ತಿದ್ದಳು. ಕಿನ್ನಿಗೋಳಿಯ ತವರಿನ ಮರದ್ದು, ವಿಮಾನದಲ್ಲಿ ತಮ್ಮ ತಂದದ್ದು.

"ಎಂಥದು ಮಾರಾಯ್ರೆ, ಮುಖ ಹೀಗೆ ಹುಳಿ ಮಾಡಿಕೊಂಡು ಬಂದದ್ದು? ಮನೆಯಲ್ಲಿ ಹುಳಿ ಬೇಕಾದಷ್ಟುಂಟು."

ನಕ್ಷತ್ರದಂಥ ಒಂದು ಹೋಳನ್ನು ಜುವಾಕಿಂ ಸುಮ್ಮನೆ ಎತ್ತಿಕೊಂಡ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದ. ಒಂದು ಬೆರಳು ಉಬ್ಬಿದ ಏಣಿನ ತುದಿಗೆ ತಾಗಿತು, ಎದುರಿನದು ಹಳ್ಳಕ್ಕೆ ಜಾರಿತು. ತಿರುಗಿಸಿ ಹಿಡಿದ. ಮತ್ತೆ ಏಣಿಗೆ ಎದುರು ಹಳ್ಳವೇ.

"ಜೆಜು ಮರಿ ಜುಜೆ!" ಎಂದು ಕೊಂಕಣಿಯಲ್ಲಿ ದೇವರನ್ನು ಕೂಗಿ ಹಣೆ ಬಡಿದುಕೊಂಡ. "ಐದು! ಎವ್ಲಿನ್, ಅದಕ್ಕೂ ಐದೇ!"

ಅವನ ಕೈಗೆ ಅಷ್ಟು ಕಾಲವೂ ಬಂದದ್ದು ನಾಲ್ಕು, ಆರು ಗೆರೆಯ ನಳಿಕೆಗಳು. ಅಲ್ಲಿ ಸೀಸದ ತುಂಡಿನ ಮೇಲೆ ಮೂಡುವ ಏಣಿಗೆ ಏಣೇ ಎದುರು. ಮೈಕ್ರೋಮೀಟರು ಸರಿಯಾಗಿ ಕಚ್ಚುತ್ತದೆ. ಬೂ ಸುಹೈಲರ ಬಂದೂಕಿಗೆ ಐದು ಗೆರೆ. ಒಂದು ದವಡೆ ಏಣಿನ ಮೇಲೆ, ಇನ್ನೊಂದು ಹಳ್ಳದ ಕಡೆಗೆ ಕೂತು ಅಳತೆ ಕಡಿಮೆ ತೋರಿಸಿತ್ತು. ಸಾಧನ ಸುಳ್ಳು ಹೇಳಿರಲಿಲ್ಲ. ಕೇಳಿದ ರೀತಿ ತಪ್ಪಾಗಿತ್ತು.

ಬುಟ್ಟಿಯಲ್ಲಿದ್ದ ಅತಿ ದೊಡ್ಡ ಹಣ್ಣನ್ನು ಅವನು ಕಿಸೆಗೆ ಹಾಕಿಕೊಂಡ.

"ಓಯ್, ಅದು ಉಪ್ಪಿನಕಾಯಿಗೆ ಇಟ್ಟದ್ದು! ತಿರುಗಿ ಕೊಡಬೇಕು, ಈಗಲೇ ಹೇಳಿದ್ದೇನೆ!"

"ಕೊಡ್ತೇನೆ ಮಾರಾಯ್ತಿ, ದೇವರಾಣೆ!"

ಶುಕ್ರವಾರ ಚರ್ಚಿನ ಮೊದಲ ಪೂಜೆಗೆ ಹೋಗಿ, ಮೊಣಕಾಲೂರಿ ಒಂದೇ ಮಾತು ಬೇಡಿದ: ಕಣ್ಣು ಕೊಟ್ಟಿದ್ದೀ ಸ್ವಾಮಿ, ನೋಡುವ ತಾಳ್ಮೆಯನ್ನೂ ಕೊಡು. ಅಲ್ಲಿಂದ ನೇರ ಕ್ಲಬ್ಬಿಗೆ. ಕಾಗದದಷ್ಟು ತೆಳುವಾದ ಹಿತ್ತಾಳೆ ಪಟ್ಟಿಯನ್ನು ಸೀಸದ ತುಂಡಿಗೆ ಪಂಚೆಯಂತೆ ಬಿಗಿಯಾಗಿ ಸುತ್ತಿದ. ಪಟ್ಟಿ ಏಣಿಂದ ಏಣಿಗೆ ಹಾದು ಹಳ್ಳಗಳನ್ನು ಮುಚ್ಚಿತು. ಅಳೆದು, ಪಟ್ಟಿಯ ದಪ್ಪವನ್ನು ಎರಡೂ ಬದಿಯಿಂದ ಕಳೆದ. ಮುನ್ನೂರ ಹದಿನೈದು! ಒಬ್ಬನೇ ಕೂತು ಗಹಗಹಿಸಿ ನಕ್ಕ. ನಳಿಕೆ ಸತ್ತಿರಲಿಲ್ಲ, ದೊಡ್ಡ ಬಾಯಿಯ ಹೆಣ್ಣಿಗೆ ಸಣ್ಣ ತುತ್ತು ಕೊಟ್ಟಿದ್ದ, ಅಷ್ಟೇ. ಎರಕದ ಅಚ್ಚನ್ನು ಹಿಗ್ಗಿಸಿ, ಮುನ್ನೂರ ಹದಿನಾರರ ಗುಂಡು ಎರಕ ಹೊಯ್ದ. ತೋಟಾದಲ್ಲಿ ಕೂರಿಸಿ, ಬಂದೂಕಿನೊಳಗೆ ಸಲೀಸಾಗಿ ಕೂರುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದ. ಆಮೇಲೆ ಮುದುಕರಿಗೆ ಫೋನು.

ಅವರು ಮಧ್ಯಾಹ್ನದ ನಮಾಜು ಮುಗಿಸಿ ಬಂದರು. ಜುವಾಕಿಂ ಕಿಸೆಯಿಂದ ಹಣ್ಣು ತೆಗೆದು, ಬೆರಳಿಟ್ಟು ತೋರಿಸಿದ. "ತಪ್ಪು ನನ್ನದು ಬಾಬಾ. ನಾಡಿ ಹಿಡಿದದ್ದು ತಪ್ಪಾಯಿತು. ರೋಗಿ ಗಟ್ಟಿಯಾಗಿದ್ದಾಳೆ."

"ಗೋರಿ ತೋಡುವವನೇ," ಎಂದರು ಬೂ ಸುಹೈಲ್, "ಯಲ್ಲಾ, ನಡಿ, ಗುದ್ದಲಿ ಕೆಳಗಿಡು."

ಮಲಗಿ, ಉಸಿರು ಹಿಡಿದು ಹಾರಿಸಿದರು. ಮತ್ತೊಂದು. ಮಗದೊಂದು. ಜುವಾಕಿಂ ಓಡಿಹೋಗಿ ಕಾಗದ ತಂದ. ದುಂಡು, ದುಂಡು, ದುಂಡು! ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ ಹತ್ತಿರ.

ಮುದುಕರು ಬಂದೂಕನ್ನು ಖಾಲಿ ಮಾಡಿ, ಬೆಂಚಿನ ಮೇಲೆ ಮಲಗಿಸಿ, ಊರುಗೋಲನ್ನೇ ಗಾಳಿಯಲ್ಲಿ ತಿರುಗಿಸುತ್ತ ಕುಣಿದರು. ಕುಣಿಯುತ್ತಲೇ ಮಗನಿಗೆ ಫೋನು: "ವೆಲ್ಡರಿಗೆ ಬರಬೇಡ ಅನ್ನು! ನಿನ್ನ ಅಜ್ಜ ಮಾತಾಡಿದ!" ಆ ಸಂಭ್ರಮದಲ್ಲಿ ಕೈಗೆ ಸಿಕ್ಕ ದಾರೆಹುಳಿಯನ್ನೂ ಕಚ್ಚಿಬಿಟ್ಟರು. ಒಂದು ಕಣ್ಣು ಮುಚ್ಚಿತು. "ಉಪ್ಪು ಇದೆಯಾ?"

"ಬಾಬಾ! ಅದು ಹೆಂಡತಿಗೆ ತಿರುಗಿ ಕೊಡಬೇಕಾದ್ದು!"

ಅವರು ಕೊನೆಯ ಚೂರನ್ನೂ ನುಂಗಿ ಬರಿಗೈ ತೋರಿಸಿದರು. "ಮಾಫಿ, ಏನೂ ಉಳಿದಿಲ್ಲ."

ಶನಿವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಎವ್ಲಿನ್ ಹೋಳುಗಳ ತಟ್ಟೆ ಹಿಡಿದುಕೊಂಡೇ ಹೋಗಿ ತೆರೆದಳು. ಎತ್ತರದ ಮುದುಕರೊಬ್ಬರು ಕೋಲೂರಿಕೊಂಡು ಹೊಸ್ತಿಲಾಚೆ ನಿಂತಿದ್ದರು. ಒಳಗೆ ಬರಲಿಲ್ಲ, ಹೆಸರು ಹೇಳಲಿಲ್ಲ. ಬಿಳಿ ನಿಲುವಂಗಿಯ ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಯಾವ ಮಾರುಕಟ್ಟೆಯಲ್ಲಿ ಹುಡುಕಿದರೋ, ಗಂಡ ಕಿಸೆಗೆ ಹಾಕಿಕೊಂಡು ಹೋದದ್ದರಷ್ಟೇ ದೊಡ್ಡ ದಾರೆಹುಳಿಯೊಂದನ್ನು ತಟ್ಟೆಯ ಅಂಚಿನಲ್ಲಿ ಮೆಲ್ಲನೆ ಇಟ್ಟು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಮೆಟ್ಟಿಲಿಳಿದು ಹೋದರು.