ಅತ್ತೆ ಎತ್ತುವ ಫೋನು

ಕಾಯಿಲೆ ಬಿದ್ದವರ ಮನೆಗೆ ಮಂಚ, ವೀಲ್‌ಚೇರ್, ವಾಕರ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಅಂಗಡಿ. ಕೆಳಗೆ ರಿಪೇರಿ, ಮೇಲೆ ಆಫೀಸು. ಆಫೀಸೆಂದರೆ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು. ಫೋನಿನ ಹಿಂದೆ ಅತ್ತೆ. ಅಂಗಡಿ ನಡೆಸುವವನಿಗೆ ಅವರು ಸೋದರತ್ತೆ. ಹಾಗಾಗಿ ಉಳಿದವರಿಗೂ ಅತ್ತೆಯೇ. ಗಂಡ ತೀರಿಕೊಂಡ ಮೇಲೆ, ಮನೆಯ ಗೋಡೆಗಳು ಮೈಮೇಲೆ ಬರುತ್ತವೆ ಎಂದು ಒಂದು ದಿನ ಬಂದು ಆ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಬೆಳಿಗ್ಗೆ ಮೊದಲ ಕರೆಗೆ ಮುಂಚೆ ಕಣ್ಣು ಮುಚ್ಚಿ, “ದೇವರೇ, ಇವತ್ತು ನನ್ನ ಬಾಯಿಗಿಂತ ಕಿವಿ ದೊಡ್ಡದಾಗಿರಲಿ” ಎಂದು ಬೇಡಿಕೊಳ್ಳುತ್ತಿದ್ದರು. ಅಲ್ಲಿಗೆ ಫೋನು ಮಾಡುವವರು ಕಂಗಾಲಾದವರು. ಯಾರದೋ ಸೊಂಟ ಮುರಿದಿರುತ್ತದೆ, ಯಾರನ್ನೋ ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಿರುತ್ತಾರೆ. ಅತ್ತೆ ಮೊದಲು ಅವರ ಸಂಕಟ ಕೇಳುತ್ತಿದ್ದರು, ಆಮೇಲೆ ಮಂಚ ಒಳಗೆ ಹೋಗಲು ಬಾಗಿಲು ಎಷ್ಟು ಅಗಲ ಎಂದು. ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಕರೆ ಎತ್ತಿದವರೇ ಆ ಕೆಲಸ ಮುಗಿಯುವ ತನಕ ಹೊಣೆ. ಮಂಚ ಮನೆ ಮುಟ್ಟಿತೇ, ರೋಗಿಗೆ ನಿದ್ದೆ ಬಂತೇ ಎಂದು ವಿಚಾರಿಸುವ ತನಕ ಅತ್ತೆಗೆ ತುತ್ತು ಇಳಿಯುತ್ತಿರಲಿಲ್ಲ.

ಈಗ ಅತ್ತೆಯ ಒಂದು ಮಂಡಿ ಕೈಕೊಟ್ಟಿತ್ತು. ಆಪರೇಷನ್ ಆಗಲೇಬೇಕು, ಆಮೇಲೆ ಕೆಲವು ತಿಂಗಳು ಮೆಟ್ಟಿಲ ಸುದ್ದಿಗೇ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಫೋನು ಅನಾಥವಾಗಿ ಕೂರುವಂತಿಲ್ಲ. ಬೇರೆ ಯಾರಾದರೂ ಆ ಕುರ್ಚಿಗೆ ಬರುತ್ತಾರೆ. ಬಂದವರನ್ನು ಏಳಿ ಎನ್ನುವುದು ಹೇಗೆ? ಕುರ್ಚಿ ಹೋದರೆ ಮತ್ತೆ ಅದೇ ಗೋಡೆಗಳು.

ಅಂಥ ಹೊತ್ತಿನಲ್ಲೇ ಅಂಗಡಿ ನಡೆಸುವ ಅಳಿಯ ಒಂದು ಬೆಳಿಗ್ಗೆ ಎಲ್ಲರನ್ನೂ ಕೂಡಿಸಿದ. “ಈ ಫೋನ್ ಸಹವಾಸ ಸಾಕಾಯ್ತು. ಒಬ್ಬರ ಜೊತೆ ಮಾತಾಡ್ತಿದ್ರೆ ಇನ್ನೊಬ್ಬರಿಗೆ ಎಂಗೇಜ್. ಅವರು ಕಾಯ್ತಾರಾ? ಬೇರೆ ಅಂಗಡಿಗೆ ಹೋಗ್ತಾರೆ. ಹೊಸ ಸರ್ವಿಸ್ ಹಾಕಿಸೋಣ.”

“ಹಾಕಿಸಪ್ಪ,” ಎಂದರು ಅತ್ತೆ. ಕೈ ಮಾತ್ರ ಫೋನಿನ ಮೇಲಿಂದ ತೆಗೆಯಲಿಲ್ಲ.

ಕೊಳ್ಳುವ ಮುಂಚೆ ಎಲ್ಲರೂ ಮುಟ್ಟಿ ನೋಡುವುದು ಅಲ್ಲಿಯ ರೂಢಿ. ಸ್ಪ್ಯಾನರ್ ಆದರೂ ಸರಿ, ವ್ಯಾನ್ ಆದರೂ ಸರಿ. ಹಾಗಾಗಿ ಮೊದಲ ಕಂಪನಿಯ ಸರ್ವಿಸನ್ನು ಪರೀಕ್ಷೆಗೆ ಹಾಕಿಸಿಕೊಂಡರು. ಅದರಲ್ಲಿ ಯಂತ್ರವೇ ಮಾತಾಡುತ್ತಿತ್ತು: ಮಂಚಕ್ಕೆ ಒಂದು ಒತ್ತಿ, ವೀಲ್‌ಚೇರಿಗೆ ಎರಡು ಒತ್ತಿ. ಅಳಿಯ ಬೀದಿಗೆ ಹೋಗಿ ಗಿರಾಕಿಯಂತೆ ಕರೆ ಮಾಡಿದ. ಒತ್ತಿದ, ಕಾದ, ಮತ್ತೆ ಒತ್ತಿದ. ಮಾಲೀಕರ ಜೊತೆ ಮಾತಾಡಲು ಒಂಬತ್ತು ಒತ್ತಿ ಎಂದಿತು. ಒತ್ತಿದ. “ಮಾಲೀಕರು ಬೇರೊಂದು ಕರೆಯಲ್ಲಿದ್ದಾರೆ” ಎಂದಿತು.

ಅಂಗಡಿಯ ಡ್ರೈವರ್ ವ್ಯಾನಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿಮಗೇ ನೀವು ಸಿಗಲಿಲ್ವಲ್ಲ ಅಣ್ಣ, ಇನ್ನು ಗಿರಾಕಿಗೆ ಎಲ್ಲಿ ಸಿಗ್ತೀರಾ!”

ಎರಡನೆಯದು ಎಲ್ಲರ ಜೇಬಿನಲ್ಲೂ ಒಟ್ಟಿಗೆ ಮೊಳಗುವ ಸರ್ವಿಸು. ಯಾರು ಬೇಕಾದರೂ ಎತ್ತಬಹುದು. ಕಾಲು ಮುರಿದುಕೊಂಡ ಒಬ್ಬ ಅಜ್ಜನ ಮಗಳು ಕರೆ ಮಾಡಿದಳು, ಡ್ರೈವರ್ ಎತ್ತಿದ. ಸ್ವಲ್ಪ ಹೊತ್ತಿಗೆ ಅದೇ ಅಜ್ಜನ ಮಗನೂ ಮಾಡಿದ, ಅಳಿಯ ಎತ್ತಿದ. ಎತ್ತಿದವರದೇ ಹೊಣೆಯಲ್ಲವೇ? ಇಬ್ಬರೂ ಕಟ್ಟಳೆ ಮೀರಲಿಲ್ಲ. ಸಂಜೆ ಆ ಮನೆ ಬಾಗಿಲಲ್ಲಿ ವ್ಯಾನಿನಿಂದ ಒಂದು ಮಂಚ, ಬಾಡಿಗೆ ಟೆಂಪೋದಿಂದ ಇನ್ನೊಂದು ಮಂಚ ಇಳಿದವು. ಅಜ್ಜ ಎರಡನ್ನೂ ನೋಡಿ, “ಎಡಗಾಲಿಗೊಂದು, ಬಲಗಾಲಿಗೊಂದಾ?” ಎಂದರಂತೆ.

ಅಂಗಡಿಯಲ್ಲಿ ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆದರೆ ಆ ದಿನವಿಡೀ ಒಂದು ಕರೆಯೂ ಅವರ ಕೈಗೆ ಬಂದಿರಲಿಲ್ಲ. ಜೇಬಿನವರು ಮೊದಲೇ ಎತ್ತಿಬಿಡುತ್ತಿದ್ದರು. ಮನೆಗೆ ಹೊರಟಾಗ ಕೈಕಂಬಿ ಹಿಡಿದು ಇಳಿಯುತ್ತಾ, “ನೀನು ಕೊಟ್ಟದ್ದು, ನೀನೇ ತಗೋ. ಇಷ್ಟು ದಿನ ಕೂರಿಸಿದೆಯಲ್ಲ, ಅದೇ ದೊಡ್ಡದು” ಎಂದು ದೇವರಿಗೆ ಹೇಳಿದರು. ಹೇಳಿದ್ದೇನೋ ಹೇಳಿದರು, ಮನಸ್ಸು ಒಪ್ಪಲಿಲ್ಲ.

ಮೂರನೆಯ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕರೆ ಮೊದಲು ನೀವು ಹೇಳಿದವರಿಗೇ ಹೋಗುತ್ತದೆ, ಅವರು ಮಾತಿನಲ್ಲಿದ್ದರೆ ಎರಡನೆಯ ಗಿರಾಕಿ ಸಾಲಿನಲ್ಲಿ ಕಾಯುತ್ತಾರೆ, ಬೇಕೆಂದರೆ ಒಂದು ಗುಂಡಿ ಒತ್ತಿ ಡ್ರೈವರಿಗೆ ದಾಟಿಸಬಹುದು ಎಂದು ವಿವರಿಸಿದಳು. ಅಳಿಯ ಏನೇನೋ ಕೇಳಿದ. ಡ್ರೈವರ್, “ಊಟ ಮಾಡುವಾಗ ನನಗೆ ದಾಟದ ಹಾಗೆ ಮಾಡಬಹುದಾ ಮೇಡಂ?” ಎಂದ.

ಕೊನೆಗೆ ಕೆಳಗೆ ರಿಪೇರಿಯಲ್ಲಿ ಬೆಸುಗೆ ಹಾಕುವವನು ಬಾಯಿ ತೆರೆದ. ಅವನ ಅಡ್ಡಹೆಸರೇ ಮೌನಿ. ಎಲ್ಲರೂ ತಿರುಗಿ ನೋಡಿದರು.

“ಮಂಚದ ಮೇಲೆ ಮಲಗಿದ್ದೋರು ಎತ್ತಬಹುದಾ ಇದನ್ನ? ಅವರ ಮನೇಲೇ?”

“ಎಲ್ಲಿದ್ರೂ ಎತ್ತಬಹುದು. ಯಾಕೆ, ಯಾರಿಗೆ ಹುಷಾರಿಲ್ಲ?” ಎಂದಳು ಕಂಪನಿಯವಳು.

ಮೌನಿ ಅತ್ತೆಯ ಕಡೆ ನೋಡಲಿಲ್ಲ. “ನನ್ನ ಬೆಂಚು ಇರೋದು ಮೆಟ್ಟಿಲ ಕೆಳಗೆ. ಅತ್ತೆ ಹತ್ತೋದು ಕೇಳಿಸುತ್ತೆ. ಮೊದಲೆಲ್ಲ ಮೇಲೆ ಹೋದಮೇಲೆ ಒಂದು ಸಲ ದೇವರನ್ನ ಕರೀತಿದ್ರು. ಈಗ ಒಂದೊಂದು ಮೆಟ್ಟಿಲಿಗೂ ನಿಂತು ಕರೀತಾರೆ.”

ಅಳಿಯನ ಮುಖ ಇಳಿಯಿತು. “ಅತ್ತೆ, ನಿಜವಾ? ಡಾಕ್ಟರ ಹತ್ರ ಹೋಗಿದ್ರಾ?”

“ಆಪರೇಷನ್ ಆಗಬೇಕಂತೆ ಕಣೋ. ಹೇಳಿದ್ರೆ ಈ ಕುರ್ಚಿಗೆ ಬೇರೆಯವರನ್ನ ತಂದು ಕೂರಿಸ್ತೀಯೇನೋ ಅಂತ...”

“ಊರಿಗೆಲ್ಲ ಕುರ್ಚಿ ಕೊಡೋನು ನಾನು, ಸ್ವಂತ ಅತ್ತೆಗೆ ಇಲ್ಲ ಅಂತೀನಾ? ಇಲ್ಲಿಗೆ ಫೋನ್ ಮಾಡೋರು ನನ್ನನ್ನ ಕೇಳ್ಕೊಂಡು ಮಾಡ್ತಾರಾ? ‘ಅತ್ತೆ ಇದಾರಾ’ ಅಂತಾನೇ ಶುರು ಮಾಡೋದು. ನಾನು ಎತ್ತಿದ್ದಕ್ಕೆ ಏನಾಯ್ತು ನೋಡಿದ್ರಲ್ಲ!” ಎಂದವನೇ ಹೆಣ್ಣುಮಗಳ ಕಡೆ ತಿರುಗಿ, “ಇದನ್ನೇ ಹಾಕಿ ಮೇಡಂ. ಮೊದಲ ಕರೆ ಅತ್ತೆಗೆ” ಎಂದ.

“ಮೌನಿದು ಈ ವರ್ಷದ ಮಾತೆಲ್ಲ ಇವತ್ತೇ ಖರ್ಚಾಯ್ತು,” ಎಂದ ಡ್ರೈವರ್. ಅತ್ತೆ ನಗಲು ಹೋದರು. ಕಣ್ಣೀರು ಮೊದಲು ಬಂತು.

ಆಪರೇಷನ್ ಸುಸೂತ್ರವಾಗಿ ಆಯಿತು. ಅತ್ತೆ ಮನೆಗೆ ಬರುವ ಹೊತ್ತಿಗೆ ಅಂಗಡಿಯ ಮಂಚ ಕಿಟಕಿಯ ಪಕ್ಕ ಕಾಯುತ್ತಿತ್ತು. ಮೌನಿ ತಾನೇ ಬಂದು ಬೋಲ್ಟುಗಳನ್ನು ಬಿಗಿ ಮಾಡಿ, ಫೋನು ಇಡಲೆಂದು ಕಂಬಿಗೆ ಒಂದು ಪುಟ್ಟ ತಟ್ಟೆ ಬೆಸೆದುಕೊಟ್ಟು ಹೋಗಿದ್ದ. ನೋವು ಸ್ವಲ್ಪ ತಗ್ಗಿದ ಮೇಲೆ ಒಂದು ಬೆಳಿಗ್ಗೆ ಆ ಫೋನು ಮೊಳಗಿತು. ಒಬ್ಬ ಹೆಂಗಸಿನ ಗಾಬರಿಯ ದನಿ.

“ಅತ್ತೆ ಇದಾರಾ? ನಮ್ಮಮ್ಮನ್ನ ನಾಳೆ ಮನೆಗೆ ಕಳಿಸ್ತಾರಂತೆ. ಮಂಡಿ ಆಪರೇಷನ್. ನನಗೆ ಏನು ಮಾಡಬೇಕು ಅಂತಾನೇ ತೋಚ್ತಿಲ್ಲ.”

“ತೋಚುತ್ತೆ ಮಗಳೇ, ಮೊದಲು ಉಸಿರು ತಗೋ. ಒಂದೆರಡು ದಿನ ಅಮ್ಮ ಸಿಡಿಸಿಡಿ ಅಂತಾರೆ. ಮನಸ್ಸಿಗೆ ಹಚ್ಕೋಬೇಡ, ಅದು ಮಂಡಿ ಮಾತಾಡೋದು, ಅಮ್ಮ ಅಲ್ಲ. ಬಾಗಿಲು ಎಷ್ಟು ಅಗಲ ಇದೆ ಹೇಳು.”

ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಆಕೆಯ ದನಿ ತಿಳಿಯಾಗಿತ್ತು. “ನಾಳೆ ಏನಾದ್ರೂ ಕೇಳಬೇಕಾದ್ರೆ ಮಾಡ್ತೀನಿ. ನೀವು ಅಂಗಡೀಲೇ ಇರ್ತೀರಲ್ಲ?”

“ಇರ್ತೀನಿ,” ಎಂದುಬಿಟ್ಟರು ಅತ್ತೆ.

ಕರೆಯನ್ನು ಡ್ರೈವರಿಗೆ ದಾಟಿಸಿ, ದಿಂಬಿನ ಮೇಲೆ ಚಾಚಿದ ಕಾಲನ್ನು ನೋಡಿಕೊಂಡು, ಸುಳ್ಳಾಡಿದೆನೇ ಎಂದು ಒಂದು ಗಳಿಗೆ ಅಳುಕಿದರು. ತಪ್ಪಾಯಿತೆನ್ನಲು ಕಣ್ಣು ಮುಚ್ಚಿದರು. ಆ ಮಾತು ಬಾಯಿಗೇ ಬರಲಿಲ್ಲ. ನಿನ್ನ ಉಪಕಾರ ಹೇಗೆ ತೀರಿಸಲಿ ಎಂಬುದೊಂದೇ ಮತ್ತೆ ಮತ್ತೆ ಉಕ್ಕಿ ಬಂತು. ಅದನ್ನಾದರೂ ನೆಟ್ಟಗೆ ಹೇಳಿ ಮುಗಿಸೋಣವೆಂದರೆ, ಸಾಲಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆಂದು ಫೋನು ಮಿನುಗಿತು.

ದೇವರಿಗೆ, “ಒಂದು ನಿಮಿಷ ಇರಪ್ಪ” ಎಂದು ಹೇಳಿ ಅತ್ತೆ ಕರೆ ಎತ್ತಿದರು.